ಕ್ಯಾಂಪು ಎಬ್ಬಿಸಿದ ಅರ್ಜಿ

ಮಾಡದ ತಪ್ಪಿಗೆ ಬೈಸಿಕೊಂಡವರು ಊರಿಗೊಬ್ಬರಾದರೂ ಸಿಗುತ್ತಾರೆ. ಮಾಡದ ಕೆಲಸಕ್ಕೆ ಸನ್ಮಾನ ಮಾಡಿಸಿಕೊಂಡು ಸಿಕ್ಕಿಬಿದ್ದವನು ಬಹುಶಃ ನಾನೊಬ್ಬನೇ. ರಾಯಬಾಗದಿಂದ ಚಿಂಚಲಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಊರಾಚೆ ಸೈನಿಕರ ತರಬೇತಿ ಕ್ಯಾಂಪೊಂದಿತ್ತು. ಬೆಳಗಿನ ಐದಕ್ಕೆ ಸೈರನ್, ಅದರ ಬೆನ್ನಿಗೆ ಗುಂಡು ಹೊಡೆಯುವ ಅಭ್ಯಾಸ. ನಿವೃತ್ತ ಮಾಸ್ತರನಾದ ನನಗೆ ದೇಶಭಕ್ತಿ ಇಲ್ಲವೆಂದಲ್ಲ. ಅದು ಎಂಟು ಗಂಟೆಯ ನಂತರ, ಚಹಾ ಕುಡಿದ ಮೇಲೆ ಮೂಡುವಂಥದ್ದು. ಈ ಸಪ್ಪಳಕ್ಕೆ ನಮ್ಮ ಎಮ್ಮೆ ಹಾಲು ಕಡಿಮೆ ಮಾಡಿದೆ, ಕ್ಯಾಂಪನ್ನು ಬೇರೆ ಕಡೆ ಸಾಗಿಸಿ ಎಂದು ಮೂರು ಪುಟದ ಅರ್ಜಿ ಬರೆದೆ. "ಎಮ್ಮಿಗೆ ವಯಸ್ಸಾಗೇತ್ರಿ, ಅದಕ್ಕ ಮಿಲಿಟರಿಯವ್ರೇನ ಮಾಡ್ತಾರು?" ಎಂದಳು ಹೆಂಡತಿ. ಅರ್ಜಿ ತಲುಪಿತೆಂದು ಒಂದು ಸಾಲಿನ ಉತ್ತರವೂ ಬರಲಿಲ್ಲ.

ಮರುವರ್ಷ ಸರ್ಕಾರ ತನ್ನದೇ ಯೋಚನೆಯಲ್ಲಿ ಎರಡು ಕ್ಯಾಂಪು ಸೇರಿಸಿ ಒಂದು ಮಾಡಿತು. ನಮ್ಮದು ಎದ್ದುಹೋಯಿತು. ನಡೆದದ್ದು ಇಷ್ಟೇ. ಆದರೆ ಆ ಜಾಗ ಕ್ರಿಕೆಟ್ಟಿಗೆ ಸಿಕ್ಕೀತೆಂಬ ಆಸೆಯಲ್ಲಿದ್ದ ತರುಣ ಮಂಡಳದವರು, "ಸರ್ ಅರ್ಜಿ ಹಾಕಿದ್ರು, ಕ್ಯಾಂಪ್ ಕಿತ್ಕೊಂಡ ಹೋತು" ಎಂದು ಸಾರಿ, ನನ್ನ ತಲೆಗೆ ಫೇಟಾ ಸುತ್ತಿ ಶಾಲು ಹೊದಿಸಿದರು. ಇದರಲ್ಲಿ ನನ್ನದೇನೂ ಇಲ್ಲ ಎನ್ನಬಹುದಿತ್ತು. ತಲೆಯ ಮೇಲೆ ಫೇಟಾ ಇರುವಾಗ ಹಾಗನ್ನಲು ನಾಲಿಗೆ ಹೊರಳಲಿಲ್ಲ. ಜನಶಕ್ತಿಯ ಕುರಿತು ಇಪ್ಪತ್ತು ನಿಮಿಷ ಮಾತಾಡಿದೆ.

ಊರಿಗೆ ಶಾಂತಿ ಬಂತು. ಎಂಥ ಶಾಂತಿ ಎಂದರೆ, ಖಾನಾವಳಿ ಮುಚ್ಚಿತು, ಇಸ್ತ್ರಿ ಅಂಗಡಿ ಮುಚ್ಚಿತು, ಜವಾನರಿಗಾಗಿ ನಿಲ್ಲುತ್ತಿದ್ದ ಬಸ್ಸು ನಾವು ಕೈ ಮಾಡಿದರೂ ಕಾಣದಂತೆ ಹೋಗತೊಡಗಿತು. ಕ್ರಿಕೆಟ್ಟಿನವರಿಗೆ ಸಿಕ್ಕಿದ್ದು ತಂತಿಬೇಲಿ, ಬೀಗ. ಉಳಿದವನು ಹೇರ್‌ಕಟಿಂಗ್ ಅಂಗಡಿಯ ಬಾಬು. ಹದಿನೈದು ವರ್ಷ ಜವಾನರ ಕೂದಲು ಕತ್ತರಿಸಿದ ಅವನ ಕೈಗೆ ಬೇರೆ ಕಟಿಂಗು ಬರುವುದೇ ಇಲ್ಲ. ಮದುವೆ ನಿಶ್ಚಯವಾದ ಹುಡುಗರು ಆ ಅಂಗಡಿಯ ಮುಂದೆ ಹಾಯುವುದನ್ನೂ ಬಿಟ್ಟಿದ್ದಾರೆ. ಈಗ ಅವನ ಖಾಯಂ ಗಿರಾಕಿ ಎಂದರೆ ನಾನು. ಮಾಡಿಕೊಂಡ ಕರ್ಮಕ್ಕೆ ತಿಂಗಳಿಗೆ ಮೂರು ಸಲ ಹೋಗುತ್ತೇನೆ. ಅಷ್ಟು ಬೇಗ ಬೆಳೆಯಲು ಕೂದಲೇ ಒಪ್ಪುತ್ತಿಲ್ಲ. ಅರವತ್ತೈದರ ವಯಸ್ಸಿನಲ್ಲಿ ಈಗಷ್ಟೇ ಸೈನ್ಯಕ್ಕೆ ಭರ್ತಿಯಾದವನಂತೆ ಕಾಣುತ್ತೇನೆ.

ಮೊನ್ನೆ ನನ್ನ ಗಡ್ಡಕ್ಕೆ ಸೋಪು ಹಚ್ಚುತ್ತ ಬಾಬು ಹೇಳಿದ: "ಸರ, ನಿಪ್ಪಾಣ್ಯಾಗ ಒಬ್ರು ತಮ್ಮ ಅಂಗಡಿಗಿ ಕೆಲಸಕ್ಕ ಬಾ ಅಂದ್ರು. ಒಲ್ಲೆ ಅಂದ್ ಬಿಟ್ನಿ. ಮನ್ಯಾಗ ಅಕಿ ಅಳಾಕತ್ತಾಳ. ನಾ ಹೇಳೇನಿ, ಹೆದರಬ್ಯಾಡ, ನಮ್ಮ ಸರ್ ಅದಾರ. ಕ್ಯಾಂಪ್ ಕಳಸಿದವ್ರಿಗಿ ಹೊಳ್ಳಿ ಕರಸೂದೇನ ದೊಡ್ಡದ್ರಿ? ಒಂದ್ ಅರ್ಜಿ ಬರೀರಿ."

ಕನ್ನಡಿಯಲ್ಲಿ ಅವನ ಮುಖ ನೋಡಿದೆ. ಚೇಷ್ಟೆ ಇರಲಿಲ್ಲ, ಕುಹಕವೂ ಇರಲಿಲ್ಲ. ಬೈದಿದ್ದರೆ ಬಚಾವಾಗುತ್ತಿದ್ದೆ, ಅವನು ನಂಬಿದ್ದ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಮೊದಲಿನ ಅರ್ಜಿಯನ್ನು ಯಾರೂ ಓದಿಯೇ ಇಲ್ಲ ಮಾರಾಯ, ನಾಳೆಯೇ ನಿಪ್ಪಾಣಿಗೆ ಹೋಗು ಎಂದು ಹೇಳಿಬಿಡಲು ಬಾಯಿ ತೆರೆದೆ.

"ಅಲಗಾಡಬ್ಯಾಡ್ರಿ ಸರ," ಎಂದು ಬಾಬು ಕತ್ತಿಯನ್ನು ಗಂಟಲಿನ ಹತ್ತಿರ ತಂದ. "ಏನೋ ಹೇಳಾಕತ್ತಿದ್ರಿ?"

"ಎಷ್ಟ್ ಪುಟ ಬರೀಲಿ ಅಂತ ಕೇಳಾವ ಇದ್ನಿ" ಎಂದೆ.