ಸಾಹೇಬರಿಗಾಗಿ ಕಾಯ್ದ ಚೌಕ

ಮಾತಿನಿಂದ ಜನರನ್ನು ತಿದ್ದಬಹುದೆಂಬ ನಂಬಿಕೆ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನಗೆ ಅಂಟಿಕೊಂಡಿತು, ಇನ್ನೂ ಬಿಟ್ಟಿಲ್ಲ. ಅಲ್ಲಿ ಗಂಟೆ ಬಾರಿಸುವವರೆಗೂ ಎದುರಾಳಿ ಕೂತು ಕೇಳಲೇಬೇಕು. ಮನೆಯವರಿಗೆ ಅಂಥ ನಿರ್ಬಂಧವಿಲ್ಲವೆಂದು ಯಾವ ತೀರ್ಪುಗಾರರೂ ನನಗೆ ತಿಳಿಸಿರಲಿಲ್ಲ.

ಈಗ ವಿಶ್ವವಿದ್ಯಾಲಯದಲ್ಲಿ ಉಷ್ಣವಲಯದ ಸಸ್ಯ, ಪ್ರಾಣಿಗಳ ಜೀವವೈವಿಧ್ಯ ಓದುತ್ತಿದ್ದೇನೆ. ಸಹಪಾಠಿಗಳು ಪ್ರಬಂಧಕ್ಕೆಂದು ದಟ್ಟ ಕಾಡುಗಳಿಗೆ ಹೊರಟಾಗ, ವೈವಿಧ್ಯ ಕಾಡಿನಲ್ಲಷ್ಟೇ ಇದೆಯೆಂಬುದು ಮೂಢನಂಬಿಕೆ ಎಂದು ವಾದಿಸಿ, ಮಮದಾಪುರದ ನಮ್ಮ ಹೊಲದ ಬದುವನ್ನೇ ಆರಿಸಿಕೊಂಡೆ. ಕಾಡಿನಲ್ಲಿ ಜಿಗಣೆಗಳಿರುತ್ತವೆ ಎಂಬ ಅಂಶವನ್ನು ವಾದದಲ್ಲಿ ಸೇರಿಸಲಿಲ್ಲ. ಗಿಡ, ಹುಳುಗಳ ಲೆಕ್ಕಕ್ಕೆಂದು ಬದುವಿನ ಮೇಲೊಂದು ಚೌಕಕ್ಕೆ ಹಗ್ಗ ಕಟ್ಟಿ, ಅದರೊಳಗೆ ಕಳೆ ಕೀಳಬಾರದು, ದನ ಬಿಡಬಾರದು, ಗುರುಗಳು ಬಂದು ನೋಡಬೇಕಿದೆ ಎಂದು ಮನೆಯಲ್ಲಿ ಸುದೀರ್ಘವಾಗಿ ಭಾಷಣ ಮಾಡಿದೆ. ಮನೆ ನಡೆಸುವ ದೊಡ್ಡವ್ವ ಜೋಳ ಹಸನು ಮಾಡುತ್ತಲೇ ಕೇಳಿ, "ಸಾಹೇಬ್ರು ಬರೂತನಾ ಕಾಯಬೇಕಲ್ಲ, ಕಾಯ್ತೇನಿ ಬಿಡು" ಎಂದಳು. ಸಮಾಜ ಬದಲಾಗುತ್ತಿದೆ ಎಂದುಕೊಂಡೆ.

ಗುರುಗಳು ಚೌಕ ನೋಡಿ ಒಪ್ಪಿದರೆ ಪ್ರಬಂಧ. ಇಲ್ಲದಿದ್ದರೆ ಮಳೆಗಾಲವಿಡೀ ಮಾಡಿದ ಕೆಲಸವೂ ಹೋಗಿ, ಪದವಿಯೂ ವರ್ಷ ಮುಂದಕ್ಕೆ. ಅವರು ಹುಕ್ಕೇರಿಯಲ್ಲಿ ಬಸ್ಸು ಬದಲಿಸಿ ಊರು ತಲುಪಿದಾಗ ಊಟದ ಹೊತ್ತು. ಉಣ್ಣದೆ ಹೊಲಕ್ಕೆ ಹೊರಡಲು ದೊಡ್ಡವ್ವ ಬಿಡಲಿಲ್ಲ. ರೊಟ್ಟಿ, ಶೇಂಗಾ ಚಟ್ನಿ, ಹಸಿ ಹಕ್ಕರಕಿ ಸೊಪ್ಪು, ಜೊತೆಗೆ ಬೆರಕೆ ಸೊಪ್ಪಿನ ತಪ್ಪಲ ಪಲ್ಯ. ಮಾನವ ಹಸ್ತಕ್ಷೇಪವಿಲ್ಲದ ನೆಲದ ಮಹತ್ವವನ್ನು ನಾನು ತುತ್ತುಗಳ ನಡುವೆ ಪ್ರತಿಪಾದಿಸುತ್ತಿದ್ದೆ. ಗುರುಗಳು ಮತ್ತೆ ಪಲ್ಯ ಹಾಕಿಸಿಕೊಂಡು, ಇಂಥ ತಪ್ಪಲ ಯಾವ ಸಂತೆಯಲ್ಲಿ ಸಿಕ್ಕಿತೆಂದು ದೊಡ್ಡವ್ವನನ್ನು ಕೇಳಿದರು.

"ಸಂತ್ಯಾಗ ಎಲ್ಲೀದ್ರೀ ಸಾಹೇಬ್ರ. ನೀವು ಬರ್ತೀರಂತ ನಮ್ಮ ಹುಡುಗ ಹಗ್ಗಾ ಕಟ್ಟಿ ಬೆಳಿಸಿದ್ದ. ಒಂದ್ ದನಾ ಬಾಯಿ ಹಾಕಗೊಟ್ಟಿಲ್ಲ ನಾ. ಇವತ್ತ ಮುಂಜಾನೆ ಎಲ್ಲಾ ಕಿತ್ಕೊಂಡ ಬಂದೆ."

ಕೈಯಲ್ಲಿದ್ದ ತುತ್ತನ್ನು ನೋಡಿದೆ. ಸಸ್ಯವರ್ಗದ ಬಹುಭಾಗ ಆಗಲೇ ನನ್ನೊಳಗಿತ್ತು. ಪ್ರಾಣಿವರ್ಗದ ವಿಷಯದಲ್ಲಿ, ದೊಡ್ಡವ್ವ ಸೊಪ್ಪನ್ನು ಚೆನ್ನಾಗಿ ತೊಳೆದಿದ್ದಾಳೆಂದು ನಂಬುವುದೇ ಕ್ಷೇಮವೆನಿಸಿತು. ವಾದ ಹೂಡಲು ಹೊರಟವನಿಗೆ, ಬಡಿಸುತ್ತಿದ್ದ ಆರೋಪಿಯನ್ನು ಬಿಟ್ಟು ಉಳಿದವರೆಲ್ಲರೂ, ತೀರ್ಪುಗಾರರೂ ಸೇರಿ, ಸಾಕ್ಷ್ಯವನ್ನು ಉಂಡಿದ್ದೇವೆಂದು ಹೊಳೆಯಿತು.

ಗುರುಗಳು ನಿಧಾನವಾಗಿ ಅಗಿದು ನುಂಗಿದರು. "ಚೌಕ ಖರೇನ ಚೊಲೋ ಇತ್ತಪಾ. ಆದ್ರ ನಾ ಅದನ್ನ ನೋಡಿಲ್ಲ, ಉಂಡೇನಿ. ಹೊಸಾದ ಕಟ್ಟು, ಮುಂದಿನ ವರ್ಷ ಬರ್ತೇನಿ."

"ಬರ್ರಿ, ಅಷ್ಟರಾಗ ಮತ್ತ ಬೆಳದಿರ್ತೈತಿ" ಎಂದು ದೊಡ್ಡವ್ವ ಇನ್ನೊಂದು ರೊಟ್ಟಿ ಬಡಿಸಿದಳು.

ಮರುವರ್ಷ ಮಳೆ ಬಿದ್ದ ಮೇಲೆ ಹೊಸ ಜಾಗ ಹುಡುಕಿದೆ. ಕಣ್ಣು ಮುಚ್ಚಿ ಕಲ್ಲೆಸೆದು, ಬಿದ್ದಲ್ಲೇ ಚೌಕ ಕಟ್ಟಬೇಕೆಂಬುದು ನಮ್ಮ ಶಾಸ್ತ್ರದ ನಿಯಮ; ಸ್ವಂತದ ಒಲವು ಬೆರೆಯಕೂಡದು. ಹಾಗೆಯೇ ಎಸೆದೆ. ಕಲ್ಲು ಬರೀ ಕರಿಕೆ ಹುಲ್ಲಿನಲ್ಲಿ ಬಿತ್ತು. ವಿಜ್ಞಾನದ ಹಿತದೃಷ್ಟಿಯಿಂದ ಇನ್ನೊಮ್ಮೆ ಎಸೆದೆ, ಮತ್ತೊಮ್ಮೆಯೂ ಎಸೆದೆ. ಕೊನೆಗೆ ಅದು ಎಳೆಯ ಹಕ್ಕರಕಿ ದಟ್ಟವಾಗಿದ್ದ ಕಡೆ ಬಿದ್ದಾಗ, ನಿಯಮವನ್ನು ಗೌರವಿಸಿ, ಅಲ್ಲೇ ಹಗ್ಗ ಕಟ್ಟಿದೆ.