ಮೇಷ್ಟ್ರ ತೂಕದ ಪಂಪು

ನೀರು ಹೊರದವರಿಗೆ ನೀರಿನ ಬಗ್ಗೆ ಹೊಳೆಯುವಷ್ಟು ಯೋಚನೆಗಳು ಹೊರುವವರಿಗೆ ಹೊಳೆಯುವುದಿಲ್ಲ. ಅವರಿಗೆ ಪುರುಸೊತ್ತಿರುವುದಿಲ್ಲ. ಇದನ್ನು ನಾನು ಧೈರ್ಯವಾಗಿ ಹೇಳಬಲ್ಲೆ, ಏಕೆಂದರೆ ಅರವತ್ತೆರಡು ವರ್ಷದಲ್ಲಿ ಒಂದು ಕೊಡ ನೀರೂ ಹೊತ್ತವನಲ್ಲ. ಯೋಚನೆಗಳಿಗೆ ಮಾತ್ರ ಬರವಿಲ್ಲ. ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತು ವರ್ಷ ಪಂಪುಗಳ ಪಾಠ ಹೇಳಿ ನಿವೃತ್ತನಾದ ಮೇಲೆ ಆಲೂರಿನ ನಮ್ಮ ಮನೆಯ ಹಿತ್ತಲಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಕೂತಿದ್ದೇನೆ. “ಅಡುಗೆಮನೆ ನಲ್ಲಿ ಆರು ತಿಂಗಳಿಂದ ತೊಟ್ಟಿಕ್ತಾ ಇದೆ, ನೀವು ಊರಿಗೆಲ್ಲ ನೀರು ಕೊಡೋಕೆ ಹೊರಟಿದ್ದೀರಿ” ಎಂದು ನನ್ನಾಕೆ ಹೇಳುತ್ತಿರುತ್ತಾಳೆ. ಅದು ಬರೀ ವಾಷರಿನ ಸಮಸ್ಯೆ, ನನ್ನ ಮಟ್ಟದ್ದಲ್ಲ ಎಂದು ನಾನು ಶೆಡ್ಡಿಗೆ ಹೋಗುತ್ತೇನೆ.

ಬೆಳಗೋಡಿನಲ್ಲಿ ಬಸ್ಸಿಳಿದು ಮುಕ್ಕಾಲು ಗಂಟೆ ನಡೆದರೆ ಗುಡ್ಡದ ಪಕ್ಕೆಯಲ್ಲಿ ಏಳು ಮನೆಗಳಿವೆ. ಕರೆಂಟಿನ ಕಂಬಗಳು ಗುಡ್ಡದ ಬುಡದವರೆಗೆ ಬಂದು ಸುಸ್ತಾಗಿ ನಿಂತುಬಿಟ್ಟಿವೆ. ಬಾವಿ ಇರುವುದು ಮೂವತ್ತಡಿ ಕೆಳಗೆ, ಗದ್ದೆಯಂಚಿನಲ್ಲಿ. ಹೋದ ಮಳೆಗಾಲದಲ್ಲಿ ಆ ಏರುದಾರಿಯಲ್ಲಿ ದ್ಯಾವಮ್ಮ ಎಂಬವರು ಕೊಡದ ಸಮೇತ ಜಾರಿ ಬಿದ್ದು ಎಡಗೈಯ ಮಣಿಕಟ್ಟು ಮುರಿದುಕೊಂಡಿದ್ದರು. ಮೂಳೆ ಸೊಟ್ಟಗೇ ಕೂಡಿಕೊಂಡಿತ್ತು. ಈಗ ಅವರ ಸೊಸೆ ಏಳು ತಿಂಗಳ ಬಸುರಿ. ಅವಳು ಕೊಡ ಮುಟ್ಟಕೂಡದೆಂದು ಮನೆಯ ನೀರನ್ನೆಲ್ಲ ಇವರೇ ಒಂದೂವರೆ ಕೈಯಲ್ಲಿ ಹೊರುತ್ತಿದ್ದರು. ಇವರು ಇನ್ನೊಮ್ಮೆ ಬಿದ್ದರೆ ಕೊಡ ಹೋಗಿ ಸೊಸೆಯ ಸೊಂಟದ ಮೇಲೇ ಕೂರುತ್ತಿತ್ತು. ಮಳೆ ಹಿಡಿಯುವುದರೊಳಗೆ ಪಂಪು ಕೂಡಿಸಿಕೊಡುತ್ತೇನೆಂದು ನಾನು ಮಾತು ಕೊಟ್ಟೆ.

ಪಂಪು ಹೇಗಿರಬೇಕೆಂದು ಕೇಳಲು ಒಂದು ಸಭೆಯನ್ನೂ ಕರೆದೆ. ಏಳು ಮನೆಗಳಿಂದ ಏಳು ಜನ ಗಂಡಸರು ಬಂದು, ಅವರಲ್ಲೊಬ್ಬನಾದ ಮಂಜಣ್ಣನ ಜಗಲಿಯ ಮೇಲೆ ಕೂತರು. ಹೆಂಗಸರು ಎಲ್ಲಿ ಎಂದೆ. “ನೀರಿಗ್ ಹೋಗವ್ರೆ ಮೇಷ್ಟ್ರೇ. ನೀವ್ ಕೇಳಿ, ನಾವ್ ಹೇಳ್ತೀವಲ್ಲ” ಎಂದ ಮಂಜಣ್ಣ. ನಾನು ಕೇಳಿದೆ, ಅವರು ಹೇಳಿದರು. ನನಗೆ ಆಗಲೇ ಹೊಳೆಯಬೇಕಿತ್ತು. ಕಾಫಿ ಬಹಳ ಚೆನ್ನಾಗಿತ್ತು, ಹೊಳೆಯಲಿಲ್ಲ.

ನಾನು ಮಾಡಿದ್ದು ತುಳಿಯುವ ಪಂಪು. ಎರಡು ಹಲಗೆ, ಒಂದೊಂದರ ಕೆಳಗೂ ಒಂದೊಂದು ಕೊಳವೆ. ಮೆಟ್ಟಿಲು ಹತ್ತಿದ ಹಾಗೆ ಒಂದಾದ ಮೇಲೊಂದು ಹಲಗೆ ತುಳಿದರೆ ನೀರು ಪೈಪಿನಲ್ಲಿ ಏರಿ ಮನೆಗಳ ಮುಂದಿನ ಡ್ರಮ್ಮಿಗೆ ಬೀಳಬೇಕು. ಕೈಗೆ ಕೆಲಸವೇ ಇಲ್ಲ, ಮೈಭಾರವೇ ಸಾಕು. ಪೈಪನ್ನು ಹಿತ್ತಲ ತೆಂಗಿನಮರಕ್ಕೆ ಮೂವತ್ತಡಿ ಎತ್ತರದವರೆಗೆ ಕಟ್ಟಿ ನಾನೇ ತುಳಿದು ಪರೀಕ್ಷೆ ಮಾಡಿದೆ. ನನ್ನ ತೂಕ ತೊಂಬತ್ತೆರಡು ಕಿಲೋ. ಡಾಕ್ಟರು ಬೈಯುವ ಈ ದೇಹ ಕೊನೆಗೂ ಲೋಕಕ್ಕೆ ಉಪಯೋಗವಾಯಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ಪಂಪು ಕೂಡಿಸಿದ ದಿನ ಎಲ್ಲರೂ ಬಾವಿಯ ಹತ್ತಿರ ಸೇರಿದ್ದರು. ಮೊದಲು ನಾನು ಹತ್ತಿದೆ. ಮೇಲಿನಿಂದ ಯಾರೋ “ಬಂತು! ಬಂತು!” ಎಂದು ಕೂಗಿದರು. ಚಪ್ಪಾಳೆಯಾಯಿತು. ಆಮೇಲೆ ದ್ಯಾವಮ್ಮ ಚಪ್ಪಲಿ ಬಿಟ್ಟು, ಹಲಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದರು. ಹಲಗೆ ಅಲುಗಲಿಲ್ಲ. ಅದುಮಿದರು. ಸಣ್ಣಗೆ ಕುಪ್ಪಳಿಸಿದರು. ನೆಲದ ಮೇಲೆ ನಿಂತ ಹಾಗೆ ನಿಂತೇ ಇದ್ದರು. ಒಂದಿಬ್ಬರು ನಕ್ಕವರು ನನ್ನ ಮುಖ ನೋಡಿ ಬಾವಿಯೊಳಗೆ ಇಣುಕತೊಡಗಿದರು.

ದ್ಯಾವಮ್ಮ ಇಳಿದು ನನ್ನ ಹತ್ತಿರ ಬಂದರು. “ಬೇಜಾರ್ ಮಾಡ್ಕಬೇಡಿ ಮೇಷ್ಟ್ರೇ. ಪಂಪು ಚೆನ್ನಾಗೈತೆ. ನಾನೇ ಸೊರಗೋಗ್ಬುಟ್ಟಿವ್ನಿ. ಇನ್ನೊಂದ್ ತಿಂಗ್ಳು ಚೆನ್ನಾಗಿ ಉಂಡ್ಕಂಡು ಬತ್ತೀನಿ.” ಇಷ್ಟು ಹೇಳಿ ಕೊಡ ತುಂಬಿಸಿ ಸೊಂಟಕ್ಕಿಟ್ಟುಕೊಂಡು ಏರು ಹತ್ತಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ತಪ್ಪನ್ನು ಅವರು ತಮ್ಮ ಮೈಮೇಲೆ ಹಾಕಿಕೊಂಡದ್ದಕ್ಕೆ ನನಗೆ ತುಂಬ ನಾಚಿಕೆಯಾಯಿತು. ಮನೆಗೆ ಬಂದವನು ಊಟವನ್ನೂ ಸರಿಯಾಗಿ ಮಾಡಲಿಲ್ಲ. ನನ್ನ ವಿಷಯದಲ್ಲಿ ಇದು ಸಣ್ಣ ಸಂಗತಿಯಲ್ಲ.

ಮರುದಿನವೇ ಹೋಗಿ ಮಂಜಣ್ಣನ ಮನೆಯಲ್ಲಿ ಕಾಫಿ ಮೂಟೆ ತೂಗುವ ಯಂತ್ರದ ಮೇಲೆ ದ್ಯಾವಮ್ಮನವರನ್ನು ನಿಲ್ಲಿಸಿದೆ. ಮೂವತ್ತೊಂಬತ್ತು ಕಿಲೋ. ಒಂದು ಮೂಟೆ ಕಾಫಿಗಿಂತ ಕಡಿಮೆ. ಮೂವತ್ತು ವರ್ಷ ಪಾಠ ಹೇಳಿದವನು ಮೊದಲು ಮಾಡಬೇಕಾದ ಕೆಲಸವನ್ನು ಕೊನೆಗೆ ಮಾಡಿದ್ದೆ. ಕೊಳವೆ ಸಣ್ಣದಾದಷ್ಟೂ ತುಳಿಯುವುದು ಹಗುರ, ನೀರು ಮಾತ್ರ ಕಡಿಮೆ. ನಾಲ್ಕಿಂಚಿನ ಕೊಳವೆ ಕಿತ್ತು ಎರಡಿಂಚಿನದು ಹಾಕಲು ಎರಡು ವಾರ ಹಿಡಿಯಿತು. ಆ ಎರಡು ವಾರವೂ ಅವರು ಹೊರುತ್ತಲೇ ಇದ್ದರು.

ಎರಡನೇ ಸಲ ಹೋದಾಗ ಹಿಂದಿನ ಸಂಜೆಯಷ್ಟೇ ಮಳೆ ಬಿದ್ದು ದಾರಿ ಜಾರುತ್ತಿತ್ತು. ಈ ಸಲ ನಾನು ಹಲಗೆ ಹತ್ತಲಿಲ್ಲ. ದ್ಯಾವಮ್ಮ ಹತ್ತಿದರು, ಹಲಗೆ ಕೆಳಗಿಳಿಯಿತು. ಇನ್ನೊಂದು ಕಾಲಿಟ್ಟರು, ಅದೂ ಇಳಿಯಿತು. “ಇದೇನ್ ಮೇಷ್ಟ್ರೇ, ನೀರು ಇಷ್ಟ್ ಸಣ್ಣಕ್ ಬತ್ತೈತೆ” ಎಂದು ಮಂಜಣ್ಣ ಡ್ರಮ್ಮಿನ ಪಕ್ಕದಿಂದಲೇ ಆಕ್ಷೇಪಣೆ ಕೂಗಿದ. ದ್ಯಾವಮ್ಮ ತುಳಿಯುತ್ತಲೇ ಕತ್ತೆತ್ತಿ, “ತುಳ್ಯೋರು ನಾವು ಕಣಪ್ಪ, ನೀನ್ ಸುಮ್ಕಿರು” ಎಂದರು. ಡ್ರಮ್ಮು ತುಂಬುವವರೆಗೂ ಇಳಿಯಲಿಲ್ಲ.

ಆಮೇಲೆ ಬರಿಗೈಯಲ್ಲಿ ಏರು ಹತ್ತಿದರು. ಕೊಡವಿಲ್ಲದಿದ್ದರೂ ಬಲಗೈ ಮಾತ್ರ ಅಭ್ಯಾಸಬಲದಿಂದ ಸೊಂಟದ ಹತ್ತಿರವೇ ಬಾಗಿಕೊಂಡಿತ್ತು. ಹಿಂದೆ ಹತ್ತುತ್ತಿದ್ದ ನನಗೆ ಅರ್ಧ ದಾರಿಯಲ್ಲೇ ಉಸಿರು ಸಿಕ್ಕಿಕೊಂಡಿತು, ಕಾಲೂ ಜಾರಿತು. ದ್ಯಾವಮ್ಮ ತಿರುಗಿ ನೋಡಿ, ಎರಡು ಹೆಜ್ಜೆ ಇಳಿದು ಬಂದು, ಆ ಬಲಗೈಯಲ್ಲಿ ನನ್ನ ರಟ್ಟೆ ಹಿಡಿದು ಎಳೆದರು.

“ನಮ್ ನೀರ್ನೇನೋ ಹತ್ತುಸ್ಬುಟ್ರಿ. ನಿಮ್ಮನ್ನ ಹತ್ಸೋಕೂ ಒಂದ್ ಪಂಪು ಮಾಡ್ಕಳಿ ಮೇಷ್ಟ್ರೇ” ಎಂದರು.