ಎಮ್ಮಿ ಹಗ್ಗದ ಸ್ಕಿಪ್ಪಿಂಗು

ಆರು ಮಕ್ಕಳನ್ನು ಹೆತ್ತು ಬೆಳೆಸಿದ ನನಗೆ ಒಬ್ಬ ಮೊಮ್ಮಗಳನ್ನು ಸಣ್ಣ ಮಾಡುವುದು ಯಾವ ಮಹಾ ಕೆಲಸ? ಒಂದೇ ತಿಂಗಳು! ನಮ್ಮ ಅರ್ಚನಾಳನ್ನು ಮಲ್ಲಿಗೆ ಬಳ್ಳಿ ಮಾಡಿ ತೋರಿಸುತ್ತೇನೆ ಎಂದು ಹಡಗಲಿಯ ನಮ್ಮ ಓಣಿ ತುಂಬ ಸಾರಿಬಿಟ್ಟೆ.

ಸಾರದೆ ಏನು ಮಾಡಲಿ? ಐದನೇ ಕ್ಲಾಸಿನ ಹುಡುಗಿ ಮೂರು ದಿನದಿಂದ ಕಂಬ ಅಪ್ಪಿ ಕೂತಿದ್ದಳು. ಪೀಟಿ ಪಿರೇಡಿನಲ್ಲಿ ಇವಳು ಓಡುವಾಗ ಓಣಿಯ ಗೆಳತಿಯರೇ "ಲಾರಿ ಬಂತು, ಜಾಗ ಬಿಡ್ರಿ" ಅಂದಿದ್ದರಂತೆ.

"ಅಜ್ಜಿ, ನಾ ಇನ್ನ ಯಾವತ್ತೂ ಓಡಂಗಿಲ್ಲ. ಸಾಲಿಗೂ ಹೋಗಂಗಿಲ್ಲ."

ಹಗ್ಗದಾಟ ಆಡಿದರೆ ಮೈ ಇಳಿಯುತ್ತದೆ ಅಂತ ಯಾರೋ ಆಡಿದ ಮಾತು ಕಿವಿಯಲ್ಲಿತ್ತು. ಮನೆಯಲ್ಲಿ ಗಟ್ಟಿ ಹಗ್ಗ ಇದ್ದದ್ದು ಎಮ್ಮೆಯ ಕೊರಳಲ್ಲಿ. ಎಮ್ಮೆ ಹೇಗೂ ಮಲಗಿತ್ತು. ಬಿಚ್ಚಿದೆ!

"ನೋಡವ್ವ, ಹಿಂಗ ಜಿಗೀಬೇಕು!" ಸೀರೆ ಎತ್ತಿಕಟ್ಟಿ ಜಿಗಿದೆ. ಹಗ್ಗ ನನ್ನ ಕಾಲಿಗೆ ಸುತ್ತಿತು, ನಾನು ನೀರಿನ ಕೊಡಗಳ ಮೇಲೆ ಬಿದ್ದೆ, ಕೊಡಗಳು ಢಣಢಣ ಉರುಳಿದವು, ಎಮ್ಮೆ ಬೆದರಿ ಬೀದಿಗೆ ಬಿತ್ತು!

ಕಟ್ಟೆಯ ಮೇಲಿದ್ದ ನಮ್ಮ ಯಜಮಾನರು ಎದ್ದರು. "ಏನಲೇ, ಓಡಬೇಕಾದಾಕಿ ಹುಡುಗಿ. ಎಮ್ಮಿ ಯಾಕ ಓಡಾಕ ಹತ್ತೈತಿ?"

"ಮಾತು ಆಮ್ಯಾಲ ಆಡ್ರಿ! ಅದು ಬೆನಕಪ್ಪನ ಮಲ್ಲಿಗಿ ತೋಟಕ್ಕ ಹೊಂಟೈತಿ!"

ಲಾರಿ ಅಂದ ಕಡ್ಡಿಪೈಲ್ವಾನಿಯರೆಲ್ಲ ಅಡ್ಡ ಬಂದರು. ಎಮ್ಮೆ ಒಮ್ಮೆ ತಲೆ ಕೊಡವಿತು. ಅಷ್ಟೂ ಮಂದಿ ಗೋಡೆ ಏರಿದರು. ಯಜಮಾನರು ಬಾಲ ಹಿಡಿದರು. ಬಾಲ ಅವರನ್ನು ಮರ್ಯಾದೆಯಿಂದ ಚರಂಡಿಗೆ ಇಳಿಸಿತು.

ಆಗ ನನ್ನ ಪಕ್ಕದಿಂದ ಏನೋ ಗಾಳಿಯಂತೆ ಹೋಯಿತು. ಅರ್ಚನಾ! ಹಿತ್ತಲ ಸಂದಿಯಿಂದ ಓಡಿ, ಎಮ್ಮೆಗಿಂತ ಮೊದಲೇ ತೋಟದ ಬೇಲಿಬಾಗಿಲಲ್ಲಿ ಎರಡೂ ಕೈ ಅಗಲಿಸಿ ನಿಂತಳು. "ಏಯ್, ನಿಂದ್ರು!" ಎಮ್ಮೆ ಗಕ್ಕನೆ ನಿಂತಿತು. ಕೊರಳಿಗೆ ಜೋತುಬಿದ್ದು ಹಿಮ್ಮಡಿ ಊರಿದಳು. ಎಮ್ಮೆ ಎಳೆದರೂ ಒಂದು ಗೇಣು ಸರಿಯಲಿಲ್ಲ ನನ್ನ ಕೂಸು!

ಬೆನಕಪ್ಪ ಏದುಸಿರು ಬಿಡುತ್ತ ಬಂದ. "ಯವ್ವಾ, ನೀ ಇಲ್ದಿದ್ರ ನಾಳಿ ಸಂತಿಗೆ ಒಂದು ಮೊಗ್ಗೂ ಉಳೀತಿದ್ದಿಲ್ಲ ನೋಡು!" ಗೋಡೆಯ ಮೇಲಿನವರು ಚಪ್ಪಾಳೆ ತಟ್ಟಿದರು.

"ಅಜ್ಜಿ, ಎಲ್ಲಾರಕಿಂತ ನಾನ ಮೊದಲು ಬಂದೆ, ನೋಡಿದಿಲ್ಲೋ?" ಮೂರು ದಿನದ ಮೇಲೆ ಹಲ್ಲು ಕಾಣಿಸಿದಳು. ನನ್ನ ಜೀವ ಹೂವಿನಷ್ಟು ಹಗುರಾಯಿತು. ಸೊಂಟ ಮಾತ್ರ ಕಲ್ಲಿನಷ್ಟು ಭಾರ!

ಮರುದಿನ ಗಂಟೆ ಹೊಡೆಯುವ ಮೊದಲೇ ಸಾಲಿಗೆ ಓಡಿದಳು. ಸಂಜೆ ನೋಡಿದರೆ ಏಳು ಹುಡುಗಿಯರು ಲಂಗ ಸಿಗಿಸಿಕೊಂಡು ನಮ್ಮ ಬಾಗಿಲಲ್ಲಿ ಸಾಲು!

"ಅಜ್ಜಿ, ಇವತ್ತೂ ಎಮ್ಮಿ ಬಿಡ್ರಿ. ಹಿಡಿಯೋದು ಅರ್ಚನಾ ಕಲಿಸ್ತಾಳಂತ!"

ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದ ಯಜಮಾನರು ನನಗೆ ಕೈ ಮುಗಿದರು: "ಪೀಟಿ ಮೇಡಮ್ಮೋರ, ತಡೀರಿ, ಆಮ್ಯಾಲ ಸೀಟಿ ಊದ್ರಿ. ನಾ ಮೊದಲ ಗೋಡಿ ಏರ್ತೀನಿ!"